ಟ್ರ್ಯಾಕ್ಟರಿನ ಕುತ್ತಿಗೆ

ನಮ್ಮ ಮಾವನವರು ಗಾಡಿಗೆ ಮೂಟೆ ಹೇರುವುದನ್ನು ನೋಡಲು ಅಜ್ಜಂಪುರದ ಕಡೆಯವರು ಕೆಲಸ ಬಿಟ್ಟು ನಿಲ್ಲುತ್ತಿದ್ದರಂತೆ. ಇದು ಅತ್ತೆಯ ಮಾತು. ಅರ್ಧ ಕಳೆದು ನಂಬಬೇಕು. ಆದರೆ ಅವರ ಕೈ ಪಳಗಿದ್ದು ಮಾತ್ರ ನಿಜ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಮಾವ ಎಲ್ಲ ಹೇರಿಯಾದ ಮೇಲೆ ನೊಗವನ್ನು ಕೈಯಲ್ಲಿ ಎತ್ತಿ ನೋಡಿ, ಎತ್ತುಗಳ ಮೇಲಿನ ಕನಿಕರಕ್ಕೆ ಒಂದು ಮೂಟೆಯನ್ನು ಗೇಣುದ್ದ ಹಿಂದಕ್ಕೆ ಸರಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರು ಹಟ ಹಿಡಿದು ಟ್ರ್ಯಾಕ್ಟರ್ ತಂದರು, ಜೊತೆಗೆ ಎರಡು ಚಕ್ರದ ಟ್ರೇಲರ್. ಮಾವ ಮಗನ ಜೊತೆ ಮಾತು ಬಿಟ್ಟರು. ಕೊನೆಗೊಂದು ರಾಜಿಯಾಯಿತು. ಆ ವರ್ಷದ ಈರುಳ್ಳಿ ಟ್ರ್ಯಾಕ್ಟರಿನಲ್ಲೇ ಬೀರೂರಿನ ಮಂಡಿಗೆ ಹೋಗಬೇಕು. ದಾರಿಯಲ್ಲಿ ಕೈಕೊಟ್ಟರೆ ಅದನ್ನು ಮಾರಿ ಇನ್ನೊಂದು ಜೊತೆ ಎತ್ತು ತರಬೇಕು. ಟ್ರ್ಯಾಕ್ಟರಿನ ಮೇಲೆ ಕೂತಾಗ ನಮ್ಮವರ ಮುಖದಲ್ಲಿ ಕಾಣುತ್ತಿದ್ದ ಖುಷಿ ಮದುವೆಯ ದಿನವೂ ಕಂಡಿರಲಿಲ್ಲ. ಸ್ವಲ್ಪ ಹೊಟ್ಟೆಯುರಿಯಿತು ಅನ್ನಿ, ಆದರೂ ಟ್ರ್ಯಾಕ್ಟರ್ ಉಳಿಯಲಿ ಎಂದು ಮನಸಾರೆ ಬೇಡಿಕೊಂಡೆ.

ಮೂಟೆ ಹೇರುವ ದಿನ ಮಾವ ಯಾರನ್ನೂ ಹತ್ತಿರ ಬಿಡಲಿಲ್ಲ. ಪಾಪ, ಕೆಡುಕು ಬಯಸುವ ಮನುಷ್ಯರಲ್ಲ. ಟ್ರೇಲರನ್ನು ಸಿಕ್ಕಿಸಿದ ಕೊಂಡಿಯನ್ನು ಮುಟ್ಟಿ ಮುಟ್ಟಿ ನೋಡಿ, ಭಾರವೆಲ್ಲ ಟ್ರ್ಯಾಕ್ಟರಿನ ಕುತ್ತಿಗೆಗೆ ಬೀಳುತ್ತದೆ ಎಂದು ಮರುಗಿ, ಮೂಟೆಗಳನ್ನು ಹಿಂದಕ್ಕೇ ಒಟ್ಟಿದರು. ನಮ್ಮವರು ಬೇಡವೆಂದರೂ ಕೇಳಲಿಲ್ಲ.

ಹೊಲ ದಾಟಿ ಕೆರೆ ಏರಿಗೆ ಹತ್ತುವ ದಿಬ್ಬದಲ್ಲಿ ಬಣ್ಣ ಬಯಲಾಯಿತು. ಟ್ರೇಲರಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು; ಅದರೊಂದಿಗೆ ಟ್ರ್ಯಾಕ್ಟರಿನ ಬೆನ್ನೂ ಎತ್ತಿದಂತಾಗಿ, ದೊಡ್ಡ ಚಕ್ರಗಳು ಮಣ್ಣು ಕಚ್ಚದೆ ನಿಂತಲ್ಲೇ ಗಿರ್ರನೆ ತಿರುಗಿದವು. ಕೊಂಡಿಯ ಮೇಲೆ ಭಾರ ಬಿದ್ದರೇ ಚಕ್ರಕ್ಕೆ ಹಿಡಿತ ಎಂದು ನಮ್ಮವರು ಗೋಗರೆದರು. ಕುತ್ತಿಗೆ ಮುರಿಯುತ್ತದೆ ಎಂದು ಮಾವ ಮೂಟೆ ಸರಿಸಲು ಬಿಡಲಿಲ್ಲ. ಮಾರುವ ಮಾತು ಅವರ ಬಾಯಿಗೆ ಬಂದೇಬಿಟ್ಟಿತ್ತು.

ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿ, ಟ್ರೇಲರಿನ ಮುಂಭಾಗಕ್ಕೆ ಹತ್ತಿ ಕೂತರು. ಅತ್ತೆ ಸಣ್ಣ ಆಳಲ್ಲ. ಹಿಂದೆಯೇ ಈರುಳ್ಳಿ ಕೊಯ್ಯಲು ಬಂದಿದ್ದ ಹೆಂಗಸರೆಲ್ಲ ಹತ್ತಿದರು, ನಾನೂ ಹತ್ತಿದೆ. ನಮ್ಮವರು ಮೆಲ್ಲಗೆ ಕ್ಲಚ್ ಬಿಟ್ಟರು. ಚಕ್ರ ಮಣ್ಣು ಕಚ್ಚಿತು, ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಾ ಏರಿ ಹತ್ತಿತು.

"ನಾನು ಕುಂತಿದ್ಕೆ ಮುರೀದಿದ್ದ ಕುತ್ಗೆ, ಈರುಳ್ಳಿಗೆ ಮುರಿತದೇನ್ರೀ?" ಎಂದು ಅತ್ತೆ ಮೇಲಿಂದಲೇ ಕೇಳಿದರು.

ನಗು ತಡೆಯಲಾಗದೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಮಾವನ ಮೀಸೆಯೂ ಅಲುಗಿತು. ಏರಿಯ ಮೇಲೆ ಹಗ್ಗ ಬಿಚ್ಚಿ, ಮೂಟೆಗಳನ್ನು ಅವರೇ ಮುಂದಕ್ಕೆ ಸರಿಸಿ ಮಗನನ್ನು ಬೀರೂರಿಗೆ ಕಳಿಸಿದರು.

ಸಂಜೆ ಖಾಲಿ ಟ್ರೇಲರ್ ಗಡಗಡಿಸುತ್ತಾ ಮನೆಯ ಮುಂದೆ ನಿಂತಿತು. ಮುಖದ ತುಂಬ ಧೂಳು ಹೊತ್ತ ಮಗನನ್ನು ಅತ್ತೆ ಊಟಕ್ಕೆ ಕರೆದರು. ಏನನ್ನುತ್ತಾರೋ ಎಂದು ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಅವರು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, ಬಿಸಿ ಇಳಿಯದ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು.

"ತಡಿಯೇ," ಎಂದರು ಅತ್ತೆಗೆ. "ಬೀರೂರ್ಗಂಟ ದುಡಿದು ಬಂದೈತೆ. ಮೊದ್ಲು ಇದ್ಕೆ ನೀರು ಕುಡಿಸ್ಲಿ, ಇವ್ನು ಆಮೇಲೆ ಉಣ್ಲಿ."