ಹಿಮ್ಮಡಿ ಬಾರದ ಕಾಲುಚೀಲ

ಅತ್ತಿಗೆ ಸೊಸೆಯಾಗಿ ಆ ಮನೆಗೆ ಬಂದ ದಿನ ಎಲ್ಲರೂ ಬಾಗಿಲಿಗೆ ಬಂದರು, ಮೈದುನನೊಬ್ಬನನ್ನು ಬಿಟ್ಟು. ಅವನು ಒಳಕೋಣೆಯಲ್ಲಿ ಕುಳಿತು ಅಂಗೈಯಗಲದ ಸರ್ಕ್ಯೂಟ್ ಬೋರ್ಡಿನ ಕೀಲಿಗಳನ್ನು ಒಂದೊಂದಾಗಿ ಒತ್ತುತ್ತಿದ್ದ. ಆಕೆ ಇಣುಕಿದಾಗ ತಲೆಯೆತ್ತದೆಯೇ ಹೇಳಿದ: "ಬಾಗಿಲು ಹಾಕ್ಕೊಂಡು ಹೋಗಿ, ಹಾಳೆ ಹಾರುತ್ತೆ." ಇಷ್ಟು ಆದರದ ಸ್ವಾಗತವನ್ನು ಯಾರು ತಾನೆ ಮರೆತಾರು!

ಮುಂದೆ ಮನೆಯವರ ಕಾಲುಚೀಲದ ಕಾರ್ಖಾನೆ ಅತ್ತಿಗೆಯ ಕೈಗೆ ಬಂತು. ಹೆಣಿಗೆಯಂತ್ರಗಳ ಒಳಗಿದ್ದದ್ದು ಓಬೀರಾಯನ ಕಾಲದ ಮೈಕ್ರೊಪ್ರೊಸೆಸರು. ಅದರ ಭಾಷೆ ಬಲ್ಲವನು ಮೈದುನನೊಬ್ಬನೇ. ಹೀಗಾಗಿ ಅವನಿಗೆ ‘ಪಂಡಿತ’ ಎಂಬ ಬಿರುದು ಬಂತು. ಬಿರುದಿನ ಬೆನ್ನಿಗೇ ಬಿಗುಮಾನವೂ ಬಂತು.

ಆ ಭಾಷೆಯಲ್ಲಿ ಪ್ರತಿ ಅಪ್ಪಣೆಗೂ ನಂಬರು ಹಾಕಿದ ಒಂದು ಮನೆಯಿದೆ. ‘ಹಿಮ್ಮಡಿಗೆ ಹೋಗು’ ಎಂದು ಬರೆದರೆ ಆ ಮನೆಯ ನಂಬರನ್ನು ತಾನೇ ಹುಡುಕಿಕೊಡುವ ಅಸೆಂಬ್ಲರ್ ಎಂಬ ಸಾಧನ ಪಂಡಿತನ ಕಂಪ್ಯೂಟರಿನಲ್ಲೇ ಇತ್ತು. ಅದನ್ನು ಅವನು ‘ಸೋಮಾರಿಗಳ ಊರುಗೋಲು’ ಎಂದು ಕರೆಯುತ್ತಿದ್ದ. ತಾನು ಮಾತ್ರ ಅಪ್ಪಣೆಗಳ ಪಟ್ಟಿ ನೋಡಿ, ಬೆರಳು ಮಡಚಿ ಎಣಿಸಿ, ಆ ಬೋರ್ಡಿನ ಕೀಲಿ ಒತ್ತಿ ಅಂಕಿಗಳನ್ನೇ ಯಂತ್ರದ ಮೆಮೊರಿ ಚಿಪ್ಪಿಗೆ ತುಂಬುತ್ತಿದ್ದ.

ಒಮ್ಮೆ, ಸಮವಸ್ತ್ರದ ಕಾಲುಚೀಲ ಕೊಳ್ಳುತ್ತಿದ್ದ ಶಾಲೆಯವರು ಅದಕ್ಕೆ ಇನ್ನೊಂದು ಪಟ್ಟೆ ಬೇಕೆಂದರು. ಸೋಮವಾರ ಮಾದರಿ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಕಾರ್ಖಾನೆ ನಿಂತಿದ್ದೇ ಆ ಶಾಲೆಯ ಆರ್ಡರಿನ ಮೇಲೆ.

ಪಂಡಿತ ನಡುವೆ ಪಟ್ಟೆಯ ಅಪ್ಪಣೆಯೊಂದನ್ನು ತುರುಕಿದ. ಅದರಿಂದಾಚೆಯವೆಲ್ಲ ಮುಂದಿನ ಮನೆಗಳಿಗೆ ಸರಿದವು. ಚಿಪ್ಪನ್ನು ಯಂತ್ರಕ್ಕೆ ಕೂಡಿಸಿ, ಕೈಕಟ್ಟಿ ನಿಂತ. ಪಟ್ಟೆ ಮುತ್ತಿನಂತೆ ಬಂತು. ಕಾಲೂ ಬಂತು. ಬರುತ್ತಲೇ ಇತ್ತು. ಮೊಳ ದಾಟಿ, ಮಾರು ದಾಟಿ, ನೆಲದ ಮೇಲೆ ಸುರುಳಿ ಸುತ್ತಿತು.

"ಇದು ಯಾರ ಕಾಲಿಗಪ್ಪಾ?" ಅತ್ತಿಗೆ ಕೇಳಿದಳು. "ಹಾವಿಗಾ?"

"ದಾರದ ಬಿಗಿ ಸರಿಯಿಲ್ಲ ಅತ್ತಿಗೆ."

"ದಾರಕ್ಕೆ ಹಿಮ್ಮಡಿ ಎಲ್ಲಿ ಅಂತ ಗೊತ್ತಾ? ಅದನ್ನ ಹೇಳ್ಬೇಕಾದವನು ನೀನು."

ಅವನು ದಾರ ಬದಲಿಸಿದ, ಸೂಜಿ ಬದಲಿಸಿದ, ವಿದ್ಯುತ್ತನ್ನು ಬೈದ. ಭಾನುವಾರ ಮಧ್ಯಾಹ್ನಕ್ಕೆ ಬೈಯಲು ಬೇರೇನೂ ಉಳಿದಿರಲಿಲ್ಲ. ಅತ್ತಿಗೆ ಅವನ ಕಂಪ್ಯೂಟರನ್ನು ತಂದು ಹೆಣಿಗೆಯಂತ್ರದ ಪಕ್ಕ ಇಟ್ಟಳು.

"ಊರುಗೋಲು ಹಿಡಿ."

"ನೋಡಿದೋರು ಏನಂದಾರು?"

"ಕುಂಟೋದನ್ನ ಊರೆಲ್ಲ ನೋಡಿಯಾಯ್ತು. ಕೂತ್ಕೊ."

ಅವನು ಮುಖ ಗಂಟಿಕ್ಕಿಕೊಂಡು ಎಲ್ಲವನ್ನೂ ಹೆಸರಿಟ್ಟು ಟೈಪು ಮಾಡಿದ. ಅಸೆಂಬ್ಲರ್ ಕೊಟ್ಟ ಅಂಕಿಗಳನ್ನು ತನ್ನವುಗಳ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಕಡೆ ತಾಳೆಯಾಗಲಿಲ್ಲ. ಮನೆಗಳು ಸರಿದ ಮೇಲೆ ಉಳಿದೆಲ್ಲ ನಂಬರುಗಳನ್ನೂ ತಿದ್ದಿದ ಪಂಡಿತ ಹಿಮ್ಮಡಿಯದೊಂದನ್ನು ತಿದ್ದಿರಲಿಲ್ಲ. ಹಿಮ್ಮಡಿಯ ಹಳೆಯ ಮನೆಯಲ್ಲಿ ಈಗ ‘ಮತ್ತೆ ಕಾಲು ಹೆಣೆ’ ಎಂಬ ಅಪ್ಪಣೆ ಒಕ್ಕಲಾಗಿತ್ತು. ಯಂತ್ರ ಪಾಪ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಸಂಜೆ ಹೊಸ ಚಿಪ್ಪು ಕೂಡಿಸಿದರು. ಕಾಲು ಮುಗಿಯಿತು, ಯಂತ್ರ ಒಂದು ಕ್ಷಣ ತಡೆಯಿತು, ಹೆಣಿಗೆ ಬಾಗಿತು, ಹಿಮ್ಮಡಿ ಬಂತು. ಅತ್ತಿಗೆ ಅದನ್ನು ಕೈಗೆ ಹಾಕಿಕೊಂಡು ತಿರುಗಿಸಿ ನೋಡಿದಳು, ಮಾದರಿಯ ಡಬ್ಬಿಗೆ ಹಾಕಿದಳು. ಶಾಲೆಯ ಕೆಲಸ ಉಳಿಯಿತು.

ಈಗ ಪಂಡಿತ ಉಳಿದ ಯಂತ್ರಗಳ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಅಸೆಂಬ್ಲರಿಗೆ ಟೈಪು ಮಾಡುತ್ತಿದ್ದಾನೆ. ಯಾರಾದರೂ ಕೇಳಿದರೆ, ಅಸೆಂಬ್ಲರ್ ಸರಿಯಾಗಿ ಎಣಿಸುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದೇನೆ ಎನ್ನುತ್ತಾನೆ.