ಹದಿಮೂರನೆಯ ನಮಸ್ಕಾರ

ರಥಸಪ್ತಮಿಯ ಬೆಳಿಗ್ಗೆ ನಮ್ಮ ಚಂದ್ರಾ ಲೇಔಟ್ ಪಾರ್ಕಿನಲ್ಲಿ ಹದಿಮೂರನೆಯ ಸೂರ್ಯನಮಸ್ಕಾರಕ್ಕೆ ಅಂಗೈ ಊರಿದವಳು ಹಾಗೇ ಕವುಚಿ ಬಿದ್ದೆ. ಬಲಗೈ ಬೆರಳುಗಳು ಜೋಮು ಹಿಡಿದು, ಬೇರೆ ಯಾರವೋ ಎನ್ನುವಂತಿದ್ದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೈ ಮಡಚಿ ಭಾರ ಹಾಕಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನೋ ನೂರೆಂಟು ನಮಸ್ಕಾರದ ಹರಕೆ ಹೊತ್ತಿದ್ದೆ. ನೋವನ್ನು ಸೂರ್ಯನೇ ನೋಡಿಕೊಳ್ಳುತ್ತಾನೆಂಬ ಮೊಂಡು ಧೈರ್ಯ.

ಪಕ್ಕದ ಚಾಪೆಯಲ್ಲಿದ್ದ ಸರೋಜಮ್ಮ ನನ್ನನ್ನು ಎಬ್ಬಿಸಿ ಕೂರಿಸಿದರು. ಗಾರ್ಮೆಂಟ್ಸ್‌ನಲ್ಲಿ ಹೊಲಿದು ಹೊಲಿದು ಇದೇ ಕಾಯಿಲೆಗೆ ಕೈ ಆಪರೇಷನ್ ಮಾಡಿಸಿಕೊಂಡವರು ಅವರು.

“ಹರಕೆ ಕಣ್ರೀ, ಇನ್ನೂ ತೊಂಬತ್ತಾರು ಬಾಕಿ ಇದೆ,” ಎಂದು ಮತ್ತೆ ಅಂಗೈ ಊರಲು ಹೋದೆ.

ಅವರು ತಮ್ಮ ಅಂಗೈಯ ಹೊಲಿಗೆ ಗುರುತನ್ನು ನನ್ನ ಮೂಗಿಗೇ ಹಿಡಿದರು. “ಸೂರ್ಯ ಏನು ಹಾಜರಿ ಪುಸ್ತಕ ಹಿಡ್ಕೊಂಡು ಕೂತಿದಾನೇನೇ? ಕೈ ಸತ್ರೆ ನಾಳೆ ನಿಮ್ಮನೇಲಿ ಮುದ್ದೆ ತಿರುವೋಕೆ ಅವನು ಬರ್ತಾನಾ? ಜೋಮು ಹಿಡಿದ ಮೇಲೆ ಅಲ್ಲಿಗೇ ನಿಲ್ಲಿಸ್ಬೇಕು. ಮಿಕ್ಕಿದ್ದನ್ನ ನಿಂತ್ಕೊಂಡೇ ತಲೆ ಬಾಗ್ಸಿ ಮುಗ್ಸು.”

ನಾನು ಹಾಗೇ ಮಾಡಿದೆ. ಕೈಗಳನ್ನು ಸುಮ್ಮನೆ ಇಳಿಬಿಟ್ಟು, ತೊಂಬತ್ತಾರು ಸಲ ತಲೆಬಾಗಿದೆ. ಗೊಣಗುತ್ತಲೇ ಎಣಿಸಿದೆ.

ಸಂಜೆ ಮಂಗಳಾರತಿ ತಟ್ಟೆ ಕೈಯಿಂದ ಜಾರಲಿಲ್ಲ, ಅಷ್ಟು ಸಾಕು ನನಗೆ. ಈಗ ದಿನಾ ವಾಕಿಂಗ್, ಕಾಲಿನ ವ್ಯಾಯಾಮ; ಅಂಗೈಗೆ ಭಾರವಿಲ್ಲ. ಸೂರ್ಯನಿಗೆ ಬೇಜಾರಾದಂತೆ ಕಾಣಲಿಲ್ಲ. ಮರುದಿನವೂ ಸರಿಯಾದ ಹೊತ್ತಿಗೇ ಬಂದ.