ಭಾವ ಹೇಳಿದ ಕಾಡತೂಸು

ಮೊನ್ನೆ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಬೆರಳಿಗೆ ಹತ್ತಿದ ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌದಿಯ ಬುರೈದಾದ ಅಂಗಡಿಯ ಒಳಕೋಣೆ ಕಣ್ಣ ಮುಂದೆ ಬಂತು. ಅಂಥದೇ ಎಣ್ಣೆ ಹಾಕಿ ಒರೆಸಿಡುತ್ತಿದ್ದ ಬಂದೂಕುಗಳ ಕೋಣೆ ಅದು. ಅದರ ಬಾಗಿಲಲ್ಲಿ ನಗುತ್ತ ನಿಂತಿರುತ್ತಿದ್ದ ನನ್ನ ಭಾವ...

ಭಾವ ಎಂದರೆ ಅಕ್ಕನ ಗಂಡ. ನನಗೆ ವೀಸಾ ಮಾಡಿಸಿ ಅಲ್ಲಿಗೆ ಕರೆಸಿಕೊಂಡವರು ಅವರೇ. ಅದು ಬೇಟೆಯ ಸಾಮಾನಿನ ಅಂಗಡಿ. ಹೊರಗೆ ಡೇರೆ, ಕಂಬಳಿ, ಕಾಫಿಯ ಕೆಟಲು; ಒಳಗೆ ಬೀಗ ಹಾಕಿದ ಕೋಣೆಯಲ್ಲಿ ಬಂದೂಕು, ಕಾಡತೂಸು. ಪರವಾನಗಿ ನೋಡಿ ಮಾಲು ಕೈಗೆ ಕೊಡುವುದು ನಮ್ಮ ಕಫೀಲನ, ಎಂದರೆ ನಮಗೆ ವೀಸಾ ಕೊಟ್ಟ ಅರಬಿ ಮಾಲೀಕನ, ಮಗನ ಕೆಲಸ. ಯಾವುದಕ್ಕೆ ಯಾವುದು ಸರಿ ಎಂದು ಗಿರಾಕಿಗೆ ವಿವರಿಸುವುದು ನಮ್ಮಿಬ್ಬರದು. ಮಾಲಿನ ವಿಷಯ ಭಾವನಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು. ಆದರೆ ಬಂದವರೆಲ್ಲ ಕೇಳುತ್ತಿದ್ದದ್ದು ಅವರನ್ನು. ನಾನು ಎದುರಿಗೇ ನಿಂತಿದ್ದರೂ ನನ್ನ ಹೆಗಲ ಮೇಲಿನಿಂದ ಒಳಗೆ ಇಣುಕುತ್ತಿದ್ದರು.

ಒಂದು ಚಳಿಗಾಲ ಖರ್ಜೂರದ ತೋಟದ ಯಜಮಾನರೊಬ್ಬರು ಬಂದರು. ಮುದುಕರು. ಬಟ್ಟೆಯಲ್ಲಿ ಸುತ್ತಿ ತಂದಿದ್ದದ್ದು ಹಳೆಯ ಗಿಡ್ಡ ಬಂದೂಕು; ಕೆಳಗಿನ ಲಿವರನ್ನು ಕೈಯಿಂದ ತಳ್ಳಿ ಎಳೆದರೆ ಮುಂದಿನ ಕಾಡತೂಸು ಮೇಲೇರುವಂಥದ್ದು. ಅದಕ್ಕೆ ಹಾಕುವುದು ಪಿಸ್ತೂಲಿನ ಕಾಡತೂಸು. ಉದ್ದದ್ದು, ಗಿಡ್ಡದ್ದು ಎರಡೂ ಹಿಡಿಯುತ್ತಿದ್ದವು. ಉದ್ದದ್ದಕ್ಕೆ ಜೋರು ಹೆಚ್ಚು, ಹೆಗಲಿಗೆ ಪೆಟ್ಟೂ ಹೆಚ್ಚು. ಅವರ ಆಡುಮರಿಗಳನ್ನು ನರಿ ಹಿಡಿಯುತ್ತಿತ್ತಂತೆ. ನರಿಗೆ ಗಿಡ್ಡದ್ದೇ ಸಾಕು ಎಂದೆ. ಚಪ್ಪಟೆ ಮೂತಿಯದ್ದನ್ನೇ ಒಯ್ಯಿರಿ, ನಳಿಗೆಯ ಕೆಳಗಿನ ಕೊಳವೆಯಲ್ಲಿ ಅವು ಒಂದರ ಬೆನ್ನಿಗೆ ಒಂದು ನಿಲ್ಲುತ್ತವೆ, ಚೂಪಾದದ್ದು ಮುಂದಿನದರ ಬೆನ್ನಿಗೆ ತಾಗಿದರೆ ಕೊಳವೆಯಲ್ಲೇ ಸಿಡಿಯುವ ಅಪಾಯ ಎಂದೂ ಹೇಳಿದೆ. ಅವರು ಎಲ್ಲ ಕೇಳಿದರು. ಕೇಳಿ, ನಿನ್ನ ಭಾವ ಎಲ್ಲಿ ಎಂದರು.

ಭಾವ ನಮಾಜಿಗೆ ಹೋಗಿದ್ದರು. ಮುದುಕರು ಕಾದರು. ಭಾವ ಬಂದವರೇ ಪಕ್ಕದಲ್ಲಿ ಕುಳಿತು ಆಡುಗಳ ಬಗ್ಗೆ ಕೇಳಿದರು, ಆಪರೇಷನ್ ಆಗಿದ್ದ ಹೆಗಲಿನ ಬಗ್ಗೆ ಕೇಳಿದರು. ಕೊನೆಗೆ ನಾನು ಹೇಳಿದ್ದನ್ನೇ ಹೇಳಿದರು. ಒಂದು ಮಾತು ಮಾತ್ರ ಹೆಚ್ಚು: ಎರಡರದ್ದೂ ಒಂದೊಂದು ಡಬ್ಬ ಒಯ್ಯಿರಿ, ಯಾವುದು ಸರಿಯೆಂದು ನೀವೇ ನೋಡಿ. ಮುದುಕರು ಎದ್ದು ಅವರ ಹಣೆಗೆ ಮುತ್ತಿಟ್ಟರು. ನನಗೆ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು.

ಊಟಕ್ಕೆ ಕುಳಿತಾಗ ಕೇಳಿಯೇ ಬಿಟ್ಟೆ, ನಾನು ಹೇಳಿದರೆ ಯಾಕೆ ಸಾಲುವುದಿಲ್ಲ ಎಂದು.

“ಎಂತ ಮಾರಾಯ, ಅವರು ಬಂದದ್ದು ಮಾತಾಡ್ಲಿಕ್ಕೆ,” ಎಂದರು ಭಾವ. “ಮನೆಯಲ್ಲಿ ಅವರ ಹತ್ರ ಕೂತ್ಕೊಳ್ಳುವವರು ಯಾರಿದ್ದಾರೆ?”

ಆ ಉತ್ತರ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಶುಕ್ರವಾರ ಮುದುಕರು ಭಾವನನ್ನು ತೋಟಕ್ಕೆ ಕರೆದರು. ಭಾವ ನನ್ನನ್ನೂ ಎಳೆದುಕೊಂಡು ಹೋದರು. ಮಣ್ಣಿನ ದಿಬ್ಬಕ್ಕೆ ಒರಗಿಸಿದ ಖಾಲಿ ತಗಡಿನ ಡಬ್ಬಿಗೆ ಮುದುಕರು ಮೊದಲು ಉದ್ದದ್ದನ್ನು ಹೊಡೆದರು. ಹೆಗಲು ಹಿಡಿದುಕೊಂಡು ಕುಳಿತುಬಿಟ್ಟರು. ಆಮೇಲೆ ಗಿಡ್ಡದ್ದು. ಲಿವರ್ ಎಲ್ಲೂ ತಡೆಯಲಿಲ್ಲ, ಡಬ್ಬಿ ಹಾರಿತು, ಮುದುಕರು ಮಗುವಿನಂತೆ ನಕ್ಕರು. ಖರ್ಜೂರದ ತಟ್ಟೆ ಬಂದದ್ದು ಭಾವನ ಮುಂದೆ.

“ಗಿಡ್ಡದ್ದು ಅಂತ ಮೊದಲು ಹೇಳಿದ್ದು ಇವನು,” ಎಂದರು ಭಾವ, ಅರಬಿಯಲ್ಲಿ.

“ನೀನು ಚೆನ್ನಾಗಿ ಕಲಿಸಿದ್ದೀಯ,” ಎಂದರು ಮುದುಕರು.

ಹೊಗಳಿಕೆಯೂ ಅವರನ್ನು ದಾಟಿಕೊಂಡೇ ನನಗೆ ಬರಬೇಕಿತ್ತು...

ಅಂಗಡಿಗಳಲ್ಲಿ ಆ ದೇಶದವರನ್ನೇ ಇಡಬೇಕೆಂಬ ನಿಯಮ ಬಿಗಿಯಾದಾಗ ನಮ್ಮಲ್ಲಿ ಒಬ್ಬರಿಗೆ ಮಾತ್ರ, ಗೋದಾಮಿನಲ್ಲಿ, ಜಾಗ ಉಳಿಯಿತು. ಕಫೀಲ್ ಭಾವನನ್ನು ಆರಿಸಿದ. ತನಗೆ ಗಲ್ಫ್ ಸಾಕಾಯಿತು, ಮೈದುನ ಇರಲಿ ಎಂದು ಭಾವ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಅವರನ್ನು ಬಿಟ್ಟು ಬರುವಾಗ ನನಗೆ ಕೃತಜ್ಞತೆ ಇತ್ತು, ಇಲ್ಲವೆನ್ನಲಾರೆ. ಆದರೆ ಈ ಕೆಲಸವೂ ಅವರು ಬಿಟ್ಟುಕೊಟ್ಟದ್ದೇ ಎಂಬ ಚುಚ್ಚು ಅದಕ್ಕಿಂತ ದೊಡ್ಡದಾಗಿತ್ತು.

ಮರುವರ್ಷ ಊರಿನಿಂದ ಫೋನು ಬಂತು. ಎದೆನೋವು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು ಎಂದು. ನನಗೆ ಹೊರಡಲು ರಜೆಯ ಕಾಗದ ಸಿಗಲಿಲ್ಲ. ಯಾರೋ ಸುದ್ದಿ ಮುಟ್ಟಿಸಿರಬೇಕು, ತೋಟದ ಮುದುಕರು ಗೋದಾಮಿನ ಬಾಗಿಲಿಗೇ ಬಂದರು. ಮೊದಲ ಬಾರಿ ನನ್ನ ಪಕ್ಕದಲ್ಲಿ ಕುಳಿತರು, ನನ್ನ ಕೈ ಹಿಡಿದುಕೊಂಡರು, ಭಾವನ ವಿಷಯ ಹೇಳಿ ಹೇಳಿ ಅತ್ತರು. ನನಗೆ ಮಾತ್ರ ಕಣ್ಣೀರು ಬರಲಿಲ್ಲ. ನಾನು ಸತ್ತರೆ ಈ ಊರಿನಲ್ಲಿ ಹೀಗೆ ಅಳುವವರು ಯಾರು ಎಂದು ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲೂ...

ಈಗ ನಾನೂ ಊರಿಗೆ ಬಂದಾಗಿದೆ. ಕಳೆದ ತಿಂಗಳು ಪುತ್ತೂರಿನ ಮದುವೆಯೊಂದರಲ್ಲಿ, ಒಂದು ಕಾಲಕ್ಕೆ ಬುರೈದಾದಲ್ಲಿ ಡ್ರೈವರಾಗಿದ್ದವನೊಬ್ಬ ನನ್ನನ್ನು ಗುರುತು ಹಿಡಿದ. “ನೀವು ಅವರ ಮೈದುನ ಅಲ್ವಾ?” ಎಂದ. ತಾನು ಜ್ವರದಲ್ಲಿ ಮಲಗಿದ್ದಾಗ ಭಾವ ದಿನಾ ಗಂಜಿ ತಂದುಕೊಟ್ಟ ಕಥೆ ಹೇಳತೊಡಗಿದ. ಭಾವನೊಂದಿಗೆ ಒಂದೇ ಕೋಣೆಯಲ್ಲಿದ್ದರೂ ನನಗೆ ಇದು ಗೊತ್ತೇ ಇರಲಿಲ್ಲ. ಹಳೆಯ ಉರಿ ಎದೆಯಲ್ಲಿ ಮೆಲ್ಲನೆ ಎದ್ದಿತು. ಅಷ್ಟರಲ್ಲಿ ಊಟಕ್ಕೆ ಕರೆದರು, ಅವನು ಏಳಲು ಹೊರಟ.

ನಾನು ಅವನ ತೋಳು ಹಿಡಿದು ಕೂರಿಸಿದೆ.

“ಮತ್ತೆ?” ಎಂದೆ. “ಇನ್ನೂ ಹೇಳಿ.”